ಖೈರುನ್ನೀಸಾ ಆಪಾರ ಕಾರಿಗೊಂದು ಪಿಸ್ತೂಲು

ಅಂಗಡಿಯ ಬಾಗಿಲಿಗೊಂದು ಗಂಟೆ ಕಟ್ಟಿತ್ತು. ಚಿದಾನಂದ ಬಾಗಿಲು ತಳ್ಳಿದ ಕೂಡಲೇ ಅದು ಮಂಗಳಾರತಿಯ ಹೊತ್ತಿನ ಹಾಗೆ ಮೊಳಗಿತು. ಒಳಗಿದ್ದ ನಾಲ್ಕಾರು ಮಂದಿ ತಿರುಗಿ ನೋಡಿದರು. ಶೆಫೀಲ್ಡಿನಿಂದ ಗುಡ್ಡಗಳ ಕಡೆ ಹೋಗುವ ದಾರಿಯಲ್ಲಿ ಗಾಳದ ಕೋಲು, ಮಳೆಯಂಗಿ, ಉದ್ದ ನಳಿಗೆಯ ಬಂದೂಕುಗಳನ್ನು ಮಾರುವ ಅಂಗಡಿ ಅದು. ಉದ್ದದವು ಇದ್ದಮೇಲೆ ಗಿಡ್ಡದವೂ ಇರಲೇಬೇಕೆಂಬುದು ಚಿದಾನಂದರ ಲೆಕ್ಕಾಚಾರ.

"ಒಂದು ಪಿಸ್ತೂಲ್ ಬೇಕಿತ್ತು," ಎಂದರು ಕೌಂಟರಿನ ಮೇಲೆ ಮೊಣಕೈ ಊರಿ, ಸೀರೆ ಅಂಗಡಿಯಲ್ಲಿ ಕೂತು ಕೇಳುವಷ್ಟೇ ಸಲೀಸಾಗಿ. "ಚಿಕ್ಕದು. ಹೆಂಗಸರಿಗೆ. ಕಾರಲ್ಲಿ ಇಟ್ಟುಕೊಳ್ಳೋಕೆ."

ಮೂಲೆಯಲ್ಲಿ ಗಾಳ ಆರಿಸುತ್ತಿದ್ದವನ ಕೈಯಿಂದ ಡಬ್ಬಿ ಜಾರಿ ಗಾಳಗಳೆಲ್ಲ ಚೆಲ್ಲಾಪಿಲ್ಲಿಯಾದವು. ಕೌಂಟರಿನ ಹಿಂದಿದ್ದ ಮುದುಕರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಚಿದಾನಂದರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ತೊಂಬತ್ತೇಳರಿಂದ ಈ ದೇಶದಲ್ಲಿ ಅದನ್ನ ಯಾರೂ ಇಟ್ಟುಕೊಳ್ಳೋ ಹಾಗಿಲ್ಲ, ಡಕ್," ಎಂದರು ಮೆತ್ತಗೆ.

ಆ ಸೀಮೆಯವರು ಅಕ್ಕರೆ ಬಂದರೆ ಎದುರಿಗಿರುವವರನ್ನು ಬಾತುಕೋಳಿ ಎಂದೇ ಕರೆಯುತ್ತಾರೆ. ಬೇರೆ ಕಡೆಯಾಗಿದ್ದರೆ ಚಿದಾನಂದರಿಗೂ ಹಿತವಾಗುತ್ತಿತ್ತು. ಆದರೆ ಬಾತುಕೋಳಿ ಹೊಡೆಯುವ ಬಂದೂಕುಗಳನ್ನು ಗೋಡೆಯುದ್ದಕ್ಕೂ ನೇತುಹಾಕಿರುವ ಜಾಗದಲ್ಲಿ ನಿಂತು ಹಾಗೆ ಕರೆಸಿಕೊಂಡರೆ ಬೆನ್ನಹುರಿ ತಣ್ಣಗಾಗದೆ ಇದ್ದೀತೆ? ಬರಿಗೈಯಲ್ಲಿ ಹೊರಟರೆ ಅನುಮಾನ ಬಂದೀತೆಂದು, ಕೈಗೆ ಸಿಕ್ಕಿದ್ದನ್ನು ಕೊಂಡರು. ಅದು ಹೊಳೆಯ ನಡುವೆ ನಿಂತು ಮೀನು ಹಿಡಿಯುವವರು ಎದೆಯವರೆಗೆ ಏರಿಸಿಕೊಳ್ಳುವ ರಬ್ಬರ್ ಚಡ್ಡಿ. ಸ್ನಾನದ ತೊಟ್ಟಿಗೆ ಇಳಿಯುವುದಕ್ಕೂ ಹೆದರುವ ಮನುಷ್ಯ ಅದನ್ನು ಹೆಗಲಿಗೆ ಹಾಕಿಕೊಂಡು, ಎಳೆಯಬೇಕಾದ ಬಾಗಿಲನ್ನು ಮೂರು ಸಲ ತಳ್ಳಿ, ಗಂಟೆ ಬಾರಿಸಿಕೊಂಡು ಹೊರಬಿದ್ದರು.

ಇಷ್ಟು ವರ್ಷ ಇಂಗ್ಲೆಂಡಿನಲ್ಲಿದ್ದೂ ಇದು ಗೊತ್ತಿರಲಿಲ್ಲವೇ ಎಂದು ಕೇಳಬೇಡಿ. ಚಿದಾನಂದ ವಿಶ್ವವಿದ್ಯಾಲಯದ ಕಂಪ್ಯೂಟರುಗಳನ್ನು ನೋಡಿಕೊಳ್ಳುವವರು. ಮನೆ ಕಂದಾಯವಾದ ಕೌನ್ಸಿಲ್ ಟ್ಯಾಕ್ಸನ್ನು ಹೊತ್ತಿಗೆ ಸರಿಯಾಗಿ ಕಟ್ಟಿದರೆ ಬ್ರಿಟನ್ನಿನ ಉಳಿದ ಕಾನೂನುಗಳು ತಮ್ಮ ಪಾಡಿಗೆ ತಾವಿರುತ್ತವೆ ಎಂದು ನಂಬಿದವರು. ಅಲ್ಲದೆ ಪಿಸ್ತೂಲು ಅವರಿಗಲ್ಲ, ಪಕ್ಕದ ಮನೆಯ ಖೈರುನ್ನೀಸಾ ಆಪಾರಿಗೆ.

ಶೆಫೀಲ್ಡಿನ ಬ್ರೂಮ್‌ಹಿಲ್ ಬಡಾವಣೆಯ ಆ ಇಳಿಜಾರು ಬೀದಿಯಲ್ಲಿ ಆಪಾರನ್ನು ಅರಿಯದವರಿಲ್ಲ. ದಾವಣಗೆರೆಯವರು. ಗಂಡ ಡಾಕ್ಟರ್ ಜಹೀರ್ ದೊಡ್ಡಾಸ್ಪತ್ರೆಯಲ್ಲಿ ಆಪರೇಷನ್ನಿಗೆ ಮುಂಚೆ ರೋಗಿಗಳಿಗೆ ಅರಿವಳಿಕೆ ಕೊಡುವ ವೈದ್ಯರು. ಊರವರನ್ನೆಲ್ಲ ಮಲಗಿಸಿ ತಾವು ಮಾತ್ರ ಚಿಂತೆಯಲ್ಲಿ ಎದ್ದು ಕೂರುವವರು. ಆಪಾ ಮದುವೆಯಾಗಿ ಬಂದಾಗ ಅಡುಗೆಮನೆಯ ಕಿಟಕಿಯಿಂದ ಮಂಜು ನೋಡುವುದೊಂದೇ ಕೆಲಸ. ಮಗಳು ಸಮ್ರಾ ಶಾಲೆ ಹತ್ತಿದ ಮೇಲೆ, ನಲವತ್ತರ ಅಂಚಿನಲ್ಲಿ, ನರ್ಸಿಂಗಿಗೆ ಸೇರಿ ತಮಗಿಂತ ಇಪ್ಪತ್ತು ವರ್ಷ ಚಿಕ್ಕವರ ನಡುವೆ ಕೂತು ಓದಿ ಪಾಸಾದರು. ಈಗ ಡಿಸ್ಟ್ರಿಕ್ಟ್ ನರ್ಸ್. ವಾರದಲ್ಲಿ ನಾಲ್ಕು ಸಂಜೆ ಕಾರು ಹತ್ತಿ, ಏಳಲಾಗದ ಅಜ್ಜ ಅಜ್ಜಿಯರ ಮನೆಮನೆಗೆ ಹೋಗಿ ಇನ್ಸುಲಿನ್ ಚುಚ್ಚಿ, ಹುಣ್ಣಿಗೆ ಪಟ್ಟಿ ಕಟ್ಟಿ, "ಉಪ್ಪು ಮುಟ್ಟಬೇಡ ಅಂದಿರಲಿಲ್ವಾ?" ಎಂದು ಶುದ್ಧ ಯಾರ್ಕ್‌ಷೈರ್ ಇಂಗ್ಲಿಷಿನಲ್ಲಿ ಗದರಿ ಬರುತ್ತಾರೆ.

ನರ್ಸಿಂಗ್ ಒಂದೇ ಏಟಿಗೆ ಪಾಸಾದ ಆಪಾರಿಗೆ ಡ್ರೈವಿಂಗ್ ಟೆಸ್ಟ್ ಮಾತ್ರ ನೀರು ಕುಡಿಸಿತ್ತು. ಡಾಕ್ಟರು ಹೇಳಿಕೊಡಲು ಹೋಗಿ, ಮೊದಲನೆಯ ರೌಂಡಬೌಟಿನಲ್ಲೇ ಸಂಸಾರ ಮುರಿಯುವ ಲಕ್ಷಣ ಕಂಡು, ಚಿದಾನಂದರಿಗೆ ಒಪ್ಪಿಸಿದರು. ಚಿದಾನಂದ ಪಕ್ಕದ ಸೀಟಿನಲ್ಲಿ ಇಲ್ಲದ ಬ್ರೇಕನ್ನು ಒತ್ತಿ ಒತ್ತಿ ನೆಲದ ಕಾರ್ಪೆಟ್ಟನ್ನೇ ಸವೆಸಿದರು. ಆಪಾರ ತಪ್ಪು ಒಂದೇ: ವಿಪರೀತ ಮರ್ಯಾದೆ. ಬಂದವರಿಗೆಲ್ಲ ದಾರಿ ಬಿಟ್ಟು ಬಿಟ್ಟು, ಪರೀಕ್ಷೆ ಮಾಡುವವನ ಊಟದ ಹೊತ್ತು ಮೀರಿದರೂ ರೌಂಡಬೌಟಿನ ಬಾಯಲ್ಲೇ ನಿಂತಿರುತ್ತಿದ್ದರು. ಆರನೆಯ ಸಲ ಪಾಸಾದಾಗ ಇಡೀ ಬೀದಿಗೆ ಶೀರ್ ಖುರ್ಮಾ ಹಂಚಿದರು. ಅಂದಿನಿಂದ ಆ ಪುಟ್ಟ ನೀಲಿ ಕಾರು ಅವರ ಅರಮನೆ.

"ನಮ್ಮ ಮನೇಲಿ 'ನನ್ನ ಕಾಲುಚೀಲ ಎಲ್ಲಿ' ಅಂತ ಯಾರೂ ಕೇಳದೆ ಇರೋ ಕೋಣೆ ಇದೊಂದೇ, ಅಣ್ಣಾ," ಎಂದು ಒಮ್ಮೆ ಸ್ಟಿಯರಿಂಗ್ ತಟ್ಟಿ ಹೇಳಿದ್ದರು.

ಆ ಕೋಣೆಗೇ ಈಗ ಸಂಚಕಾರ ಬಂದಿತ್ತು. 2014ರ ಡಿಸೆಂಬರಿನ ಒಂದು ಸಂಜೆ, ಕೆಂಪು ದೀಪಕ್ಕೆ ಕಾರು ನಿಂತಿದ್ದಾಗ, ಯಾವನೋ ಹುಡುಗ ಪಕ್ಕದ ಬಾಗಿಲು ತೆಗೆದು ಸೀಟಿನ ಮೇಲಿದ್ದ ಚೀಲ ಎತ್ತಿಕೊಂಡು ಓಡಿಬಿಟ್ಟ. ಚೀಲದಲ್ಲಿದ್ದದ್ದು ಸ್ಟೀಲಿನ ಡಬ್ಬಿ. ಡಬ್ಬಿಯಲ್ಲಿ ಮಂಡಕ್ಕಿ ಒಗ್ಗರಣೆ, ನಾಲ್ಕು ಮೆಣಸಿನಕಾಯಿ ಬಜ್ಜಿ. ಆಪಾ ಉಳಿದ ಮನೆಗಳನ್ನೆಲ್ಲ ಮುಗಿಸಿ ಬಂದು, ರಾತ್ರಿ ಊಟಕ್ಕೆ ಕೂತಾಗ, "ಡಬ್ಬಿ ಹೋಯ್ತು," ಎಂದಷ್ಟೇ ಹೇಳಿದರು. ಡಾಕ್ಟರು ಕೆದಕಿ ಕೆದಕಿ ಕೇಳಿದಾಗ ಪೂರ್ತಿ ಕತೆ ಹೊರಬಿತ್ತು.

"ಅವನಿಗೆ ಏನಾಗಿರುತ್ತೋ ಪಾಪ," ಎಂದರು ಆಪಾ. "ಖಾಲಿ ಹೊಟ್ಟೇಲಿ ತಿಂದಿದ್ರೆ ಕಷ್ಟ. ಬೀಜ ತೆಗೆದಿರ್ಲಿಲ್ಲ."

ಡಾಕ್ಟರು ಅಂದು ರಾತ್ರಿಯಿಡೀ ಹೊರಳಾಡಿ ಬೆಳಗ್ಗೆ ತೀರ್ಪು ಕೊಟ್ಟರು. ಆತ್ಮರಕ್ಷಣೆಗೆ ಕಾರಿನಲ್ಲಿ ಏನಾದರೊಂದು ಇರಲೇಬೇಕು. ಇಲ್ಲವಾದರೆ ಸೋಮವಾರ ಮ್ಯಾನೇಜರಿಗೆ ಹೇಳಿ ಸಂಜೆ ಪಾಳಿಯ ರೋಟಾ ಬಿಡಬೇಕು. ಸಂಜೆಯ ರೋಟಾ ಬಿಟ್ಟರೆ ಆಪಾರಿಗೆ ಉಳಿಯುವುದು ಕ್ಲಿನಿಕ್ಕಿನ ಕುರ್ಚಿ, ಬಸ್ಸು, ಮತ್ತು ಅಡುಗೆಮನೆಯ ಅದೇ ಕಿಟಕಿ. ಆಪಾ ಜಗಳವಾಡಲಿಲ್ಲ. "ಸರಿ ಜೀ, ಆರಿಸಿ," ಎಂದರು. ಆ ಶಾಂತಿಯನ್ನು ಚಿದಾನಂದರಿಗೆ ಸಹಿಸಲಾಗಲಿಲ್ಲ. ಆರು ಸಲ ಪಕ್ಕದಲ್ಲಿ ಕೂತು ಜೀವ ಕೈಯಲ್ಲಿ ಹಿಡಿದು ಕಲಿಸಿದ್ದು ಬಸ್ಸಿಗೆ ಕಾಯಲಿಕ್ಕೇನು?

ಡಾಕ್ಟರ ತಮ್ಮ ಶೋಯೆಬ್ ಹೂಸ್ಟನ್ನಿನಲ್ಲಿ ಎಣ್ಣೆ ಕಂಪನಿಯ ಇಂಜಿನಿಯರು. ಸ್ಕೈಪಿನಲ್ಲಿ ಅವನ ಉಪದೇಶ ಶುರುವಾಯಿತು.

"ಭಾಭಿ, ಕಾರಿಗೆ ಪಿಸ್ತೂಲ್ ಆರಿಸೋದು ಅಂದ್ರೆ ಹುಡುಗಾಟ ಅಲ್ಲ. ತೀರಾ ಚಿಕ್ಕದು ತಗೊಂಡ್ರೆ ಹೊಡೆಯುವಾಗ ಕೈಗೆ ಒದೆಯುತ್ತೆ. ದೊಡ್ಡದು ತಗೊಂಡ್ರೆ ಸೀಟ್ ಬೆಲ್ಟಿಗೆ ಸಿಕ್ಕಿಹಾಕ್ಕೊಳ್ಳುತ್ತೆ. ಕೂತಲ್ಲಿಂದ ಒಂದೇ ಕೈಗೆ ಸಿಗಬೇಕು. ಬ್ರೇಕ್ ಹಾಕಿದ್ರೆ ಜಾರಿ ಹೋಗಬಾರ್ದು. ಚಳಿಗಾಲದ ಗ್ಲೌಸ್ ಹಾಕ್ಕೊಂಡೂ ಹಿಡಿಯೋ ಹಾಗಿರಬೇಕು."

"ನೀನು ಎಷ್ಟು ಸಲ ಉಪಯೋಗಿಸಿದೀಯಪ್ಪ?" ಎಂದರು ಆಪಾ.

"ಇನ್ನೂ ಇಲ್ಲ ಭಾಭಿ. ಡ್ರಾಯರಿನ ಬೀಗದ ಕೈ ಎಲ್ಲೋ ಇಟ್ಟು ಮರೆತಿದೀನಿ."

ಆದರೂ ಡಾಕ್ಟರಿಗೆ ತಮ್ಮನ ಮಾತು ವೇದವಾಕ್ಯವಾಗಿತ್ತು. ವಿಚಾರಿಸಲು ಅಂಗಡಿಗೆ ಯಾರು ಹೋಗುವುದು? "ನಾನು ಡಾಕ್ಟರು, ನನ್ನ ಮರ್ಯಾದೆ ಪ್ರಶ್ನೆ," ಎಂದು ಹೇಳಿ ಜಹೀರ್ ಸಾಹೇಬರು ಚಿದಾನಂದರ ಮುಖ ನೋಡಿದರು. ಚಿದಾನಂದರಿಗೆ ಆ ಪ್ರಶ್ನೆ ಇರಲಿಲ್ಲ. ಹೀಗೆ ಬಂದಿತ್ತು ರಬ್ಬರ್ ಚಡ್ಡಿ.

ಅಂಗಡಿಯ ಕತೆ ಕೇಳಿ, ನಾಟಿಂಗ್‌ಹ್ಯಾಮಿನಲ್ಲಿ ಕಾನೂನು ಓದುತ್ತಿದ್ದ ಸಮ್ರಾ, ರಜೆಗೆ ಮನೆಗೆ ಬಂದಿದ್ದವಳು, ಸೋಫಾದ ಮೇಲೆ ಹೊರಳಿ ಹೊರಳಿ ನಕ್ಕಳು. ಕಣ್ಣೊರೆಸಿಕೊಂಡು, "ಓ ಮೈ ಗಾಡ್, ಅಂಕಲ್!" ಎಂದಳು. ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು. ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತಿತ್ತು. ಅವಳು ಹೇಳಿದ್ದರ ಸಾರಾಂಶ ಇಷ್ಟು: ಪಿಸ್ತೂಲು ಹಾಗಿರಲಿ, ಈ ದೇಶದಲ್ಲಿ ಮೆಣಸಿನ ಸ್ಪ್ರೇಯನ್ನೂ ಬಂದೂಕಿನ ಸಾಲಿನಲ್ಲೇ ಇಟ್ಟಿದ್ದಾರೆ. ಹೊಡೆಯುವ ಉದ್ದೇಶದಿಂದ ಹೊತ್ತೊಯ್ದರೆ ಸೌಟೂ ಆಯುಧವೇ. ಕಾರಿನಲ್ಲಿ ಏನಿದ್ದರೂ ಅದು ಅಲ್ಲಿರುವುದಕ್ಕೆ ಬೇರೊಂದು ಒಳ್ಳೆಯ ಕಾರಣ ಇರಬೇಕು.

"ಮೆಣಸಿನಕಾಯಿಗೂ ಜೈಲಾ?" ಎಂದರು ಆಪಾ. "ಹಾಗಾದ್ರೆ ನಮ್ಮ ಅಡುಗೆಮನೆಗೆ ಜಾಮೀನೂ ಸಿಗಲ್ಲ."

ಡಾಕ್ಟರು ಸೋಲೊಪ್ಪುವವರಲ್ಲ. ಪಿಸ್ತೂಲಿಲ್ಲದಿದ್ದರೆ ಪಿಸ್ತೂಲಿನ ಗುಣವಿರುವ ಗೃಹೋಪಯೋಗಿ ವಸ್ತುವನ್ನೇ ಆರಿಸೋಣ ಎಂದರು. ಮುಂದಿನ ಎರಡು ದಿನ ನಡೆದದ್ದು ಥೇಟ್ ವಧುಪರೀಕ್ಷೆ. ಒಂದೊಂದೇ ವಸ್ತು ನಡುಮನೆಗೆ ಬಂತು, ಟೀಪಾಯಿಯ ಮೇಲೆ ಕೂತಿತು, ಶೋಯೆಬ್ ಸ್ಕೈಪಿನಲ್ಲಿ ಎತ್ತರ ತೂಕ ವಿಚಾರಿಸಿದ. ಕ್ರಿಕೆಟ್ ಬ್ಯಾಟು ನೋಡಲು ಲಕ್ಷಣವಾಗಿತ್ತು. ಆದರೆ ಡಿಸೆಂಬರಿನಲ್ಲಿ ಯಾವ ಮ್ಯಾಚು ಎಂದು ಪೊಲೀಸರು ಕೇಳಿದರೆ ಏನು ಹೇಳುವುದೆಂದು ಸಮ್ರಾ ತಕರಾರು ತೆಗೆದಳು. ಕಾರಿನೊಳಗೆ ಬೀಸಲು ಹೋಗಿ ಚಿದಾನಂದ ಮೇಲಿನ ದೀಪದ ಗಾಜನ್ನು ಸಿಕ್ಸರಿಗೆ ಎತ್ತಿದರು. ಕೊಡೆಗೆ ಕಾರಣ ಹುಡುಕಬೇಕಿರಲಿಲ್ಲ, ಶೆಫೀಲ್ಡಿನ ಆಕಾಶವೇ ಸಾಕ್ಷಿ. ಆದರೆ ಅದರ ಗುಂಡಿ ಅಕಸ್ಮಾತ್ತಾಗಿ ಒತ್ತಿಹೋಗಿ, ಸೀಟುಗಳ ನಡುವೆ ಛತ್ರಿ ಅರಳಿ ನಿಂತಿತು. ಚಿದಾನಂದರ ಕುತ್ತಿಗೆ ಅದರ ಕಡ್ಡಿಗಳ ನಡುವೆ ಸಿಕ್ಕಿ, ಬಿಡಿಸುವಷ್ಟರಲ್ಲಿ ಕಳ್ಳ ಮೂರು ಕಾರು ದೋಚಿ ಮನೆ ಸೇರಬಹುದಿತ್ತು.

"ಈ ಕೊಡೆ ಒಳ್ಳೇದೇ," ಎಂದರು ಆಪಾ. "ಕಳ್ಳನ್ನ ಒಳಗೆ ಕೂರಿಸಿ ಬಿಚ್ಚಿದ್ರೆ ಆಯ್ತು."

ಕೊನೆಗೆ ಗೆದ್ದದ್ದು ಲಟ್ಟಣಿಗೆ. ಗಟ್ಟಿ ಶೀಶಮ್ ಮರದ್ದು. ಗ್ಲೌಸಿನ ಕೈಗೂ ಸಿಗುತ್ತಿತ್ತು, ಬೆಲ್ಟಿಗೆ ಸಿಕ್ಕಿಕೊಳ್ಳುತ್ತಿರಲಿಲ್ಲ. ಪೊಲೀಸರು ಕೇಳಿದರೆ, ಯಾರದೋ ಮನೆಗೆ ಚಪಾತಿ ಮಾಡಿಕೊಡಲು ಹೋಗುತ್ತಿದ್ದೇನೆ ಎನ್ನುವುದು. ಸಮ್ರಾ ಹಣೆ ಹಣೆ ಚಚ್ಚಿಕೊಂಡು, "ಐ ವಾಸ್ ನೆವರ್ ಹಿಯರ್," ಎಂದು ಹೇಳಿ ಭಾನುವಾರದ ರೈಲಿಗೆ ನಾಟಿಂಗ್‌ಹ್ಯಾಮಿಗೆ ಹೊರಟುಹೋದಳು.

ಭಾನುವಾರ ಮಧ್ಯಾಹ್ನ ಕೊನೆಯ ಪರೀಕ್ಷೆ. ಆಪಾರಿಗೆ ಅಂದು ಸಂಜೆಯ ಪಾಳಿ ಇತ್ತು. ಆಗಲೇ ಯೂನಿಫಾರ್ಮ್ ತೊಟ್ಟು, ಚೀಲ ಹಿಂದಿನ ಸೀಟಿಗೆ ಹಾಕಿ ಕೂತಿದ್ದರು. ಕಳ್ಳನ ಪಾತ್ರ ಡಾಕ್ಟರದು. ಚಳಿ ಕೊರೆಯುತ್ತಿದ್ದರಿಂದ ಅವರು ಪ್ರತಿ ವರ್ಷದಂತೆ ದಾವಣಗೆರೆಯ ಮಂಕಿ ಕ್ಯಾಪ್ ಏರಿಸಿದ್ದರು. ಇಟ್ಟಿಗೆ ಬಣ್ಣದ್ದು, ನೆತ್ತಿಯ ಮೇಲೊಂದು ಉಂಡೆ, ಮೂಗಿನವರೆಗೆ ಎಳೆದರೆ ಎರಡು ಕಣ್ಣು ಬಿಟ್ಟು ಬೇರೇನೂ ಕಾಣದು. ನಮ್ಮೂರಿನಲ್ಲಿ ಅದನ್ನು ಹಾಕಿಕೊಂಡು ಹಾಲು ತರಲು ಹೋಗುತ್ತೇವೆ. ಶೆಫೀಲ್ಡಿನಲ್ಲಿ ಅದನ್ನು ಹಾಕಿಕೊಂಡವರು ಬ್ಯಾಂಕಿಗೆ ಹೋಗುತ್ತಾರೆ ಎಂಬುದು ಡಾಕ್ಟರಿಗೂ ಹೊಳೆಯಲಿಲ್ಲ, ಚಿದಾನಂದರಿಗೂ ಹೊಳೆಯಲಿಲ್ಲ.

ಮೊದಲ ದಾಳಿ ನೀರಸವಾಯಿತು. ಡಾಕ್ಟರು ಮನೆ ಮುಂದಿನ ಗಿಡದ ಬೇಲಿಯ, ಅಂದರೆ ಹೆಡ್ಜಿನ, ಹಿಂದಿನಿಂದ ಬಂದು ಕಿಟಕಿಯನ್ನು ಎರಡು ಬೆರಳಲ್ಲಿ ಟಕಟಕ ಎನಿಸಿ, "ಎಕ್ಸ್‌ಕ್ಯೂಸ್ ಮಿ," ಎಂದರು.

"ಇದೇನ್ರೀ ಡಾಕ್ಟ್ರೇ, ಕಳ್ಳ ಅಪಾಯಿಂಟ್‌ಮೆಂಟ್ ತಗೊಂಡು ಬರ್ತಾನಾ?" ಎಂದರು ಚಿದಾನಂದ.

"ಅಭ್ಯಾಸ ಕಣ್ರೀ, ಬಾಯಿಗೆ ಬಂದ್ಬಿಡ್ತು!"

ಎರಡನೆಯ ದಾಳಿಗೆ ಆಪಾ ಕಾರನ್ನು ನಾಲ್ಕು ಮಾರು ಮುಂದೆ ಬಿಟ್ಟು ಬ್ರೇಕ್ ಹಾಕಿದರು. ಲಟ್ಟಣಿಗೆ ಸೀಟಿನಿಂದ ಉರುಳಿ ಸೀದಾ ಬ್ರೇಕಿನ ಅಡಿ ಸೇರಿತು. ಚಿದಾನಂದ ತಲೆಕೆಳಗಾಗಿ ಒಳಗೆ ನುಗ್ಗಿ, ಅದನ್ನು ಹೊರಗೆಳೆದು, ಏದುಸಿರು ಬಿಡುತ್ತಾ ಬೀದಿಯಲ್ಲಿ ನಿಂತರು. ಅದನ್ನು ಮತ್ತೆ ಒಳಗಿಡುವ ಮೊದಲೇ ಡಾಕ್ಟರಿಗೆ ಆವೇಶ ಬಂದಿತ್ತು. "ನಿಲ್ಲು! ಚೀಲ ಕೊಡು! ಬಿಡಲ್ಲ ನಿನ್ನ!" ಎಂದು ಕೂಗುತ್ತಾ ಹೆಡ್ಜು ಹಾರಿ ಬಂದು ಕಾರಿನ ಬಾಗಿಲನ್ನು ದಬದಬ ಬಡಿದರು. ಎದುರುಮನೆಯ ಕಿಟಕಿಯ ಪರದೆ ಸರಿದದ್ದನ್ನು ಇಬ್ಬರೂ ಗಮನಿಸಲಿಲ್ಲ.

ಆಪಾ ಗುಂಡಿಯೊಂದನ್ನು ಒತ್ತಿದರು. ನಾಲ್ಕೂ ಬಾಗಿಲು ಕಟಕ್ಕೆಂದು ಬಿಗಿದುಕೊಂಡವು. ಕನ್ನಡಿ ನೋಡಿದರು, ಇಂಡಿಕೇಟರ್ ಹಾಕಿದರು, ಎದುರಿನಿಂದ ಬರುತ್ತಿದ್ದ ವ್ಯಾನಿಗೆ ದಾರಿ ಬಿಟ್ಟು, ಅವನು ಕೈ ಬೀಸಿದ್ದಕ್ಕೆ ತಾವೂ ಕೈ ಬೀಸಿ, ಇಳಿಜಾರಿನಲ್ಲಿ ಮಾಯವಾದರು.

"ಲಟ್ಟಣಿಗೆ ಮುಟ್ಟಲೇ ಇಲ್ಲ!" ಎಂದರು ಡಾಕ್ಟರು.

"ಲಟ್ಟಣಿಗೆ ನನ್ನ ಹತ್ರ ಇದೆ," ಎಂದರು ಚಿದಾನಂದ.

"ಒಂದು ಸುತ್ತು ಹಾಕಿ ಬರ್ತಾಳೆ. ನಾನು ಮತ್ತೆ ಬಚ್ಚಿಟ್ಟುಕೊಳ್ತೀನಿ."

ಡಾಕ್ಟರು ಮತ್ತೆ ಹೆಡ್ಜಿನ ಹಿಂದೆ ಕುಕ್ಕರುಗಾಲಲ್ಲಿ ಕೂತರು. ಚಿದಾನಂದ ಲಟ್ಟಣಿಗೆ ಹಿಡಿದು ಬೀದಿಯ ತುದಿ ನೋಡುತ್ತಾ ನಿಂತರು. ಬಂದದ್ದು ನೀಲಿ ಕಾರಲ್ಲ, ನೀಲಿ ದೀಪದ ಕಾರು.

ಇಳಿದ ಪೊಲೀಸಿನವಳು ಚಿಕ್ಕ ವಯಸ್ಸಿನವಳು, ಕೆನ್ನೆ ಕೆಂಪಗಿತ್ತು. ಆಕೆ ಚಿದಾನಂದರ ಲಟ್ಟಣಿಗೆಯನ್ನು ನೋಡಿದಳು. ಹೆಡ್ಜಿನ ಮೇಲೆ ಅಲ್ಲಾಡುತ್ತಿದ್ದ ಇಟ್ಟಿಗೆ ಬಣ್ಣದ ಉಂಡೆಯನ್ನೂ ನೋಡಿದಳು.

"ಈಚೆ ಬನ್ನಿ ಸರ್, ನಿಧಾನಕ್ಕೆ. ಕೈ ಕಾಣೋ ಹಾಗೆ. ಅಲ್ಲೇನು ಮಾಡ್ತಿದ್ದೀರಿ?"

ಡಾಕ್ಟರು ಹುಟ್ಟಾ ಸುಳ್ಳು ಹೇಳಿದವರಲ್ಲ. "ನನ್ನ ಹೆಂಡತಿ ಮೇಲೆ ದಾಳಿ ಮಾಡ್ತಿದ್ದೆ, ಆಫೀಸರ್," ಎಂದರು. ಆಕೆಯ ಮುಖ ನೋಡಿ ಗಾಬರಿಯಾಗಿ, "ಅವಳ ಒಪ್ಪಿಗೆ ಇತ್ತು," ಎಂದು ಸೇರಿಸಿದರು.

"ನೀವು?"

"ನಾನು ಸಹಾಯಕ್ಕೆ," ಎಂದರು ಚಿದಾನಂದ.

"ಯಾರ ಸಹಾಯಕ್ಕೆ?"

ಇದನ್ನು ಚಿದಾನಂದ ಯೋಚಿಸಿರಲಿಲ್ಲ. "ಇಬ್ಬರಿಗೂ," ಎಂದರು.

"ಕೈಯಲ್ಲಿರೋದು?"

ಸಮ್ರಾಳ ಪಾಠ ನೆನಪಾಯಿತು. ಒಳ್ಳೆಯ ಕಾರಣ ಬೇಕು. "ಚಪಾತಿಗೆ!"

"ಬೀದಿಯಲ್ಲಿ?"

ಡಾಕ್ಟರ ಮನೆಯೊಳಗೆ ಹೋಗಿ ಗುರುತಿನ ಕಾರ್ಡು ತೋರಿಸೋಣವೆಂದರೆ ಬಾಗಿಲು ತಾನಾಗಿ ಬೀಗ ಹಾಕಿಕೊಂಡಿತ್ತು. ಬೀಗದ ಕೈ ಆಪಾರ ಕಾರಿನ ಗೊಂಚಲಿನಲ್ಲಿತ್ತು. ಆಪಾರಿಗೆ ಫೋನ್ ಮಾಡಿದರೆ ಎತ್ತಲಿಲ್ಲ. "ಅವಳು ಡ್ರೈವ್ ಮಾಡೋವಾಗ ಎತ್ತಲ್ಲ," ಎಂದರು ಡಾಕ್ಟರು ನಡುಗುತ್ತಾ. "ತುಂಬ ಒಳ್ಳೇದು," ಎಂದಳು ಪೊಲೀಸಿನವಳು, ಮತ್ತು ಇಬ್ಬರನ್ನೂ ಚಳಿಯಲ್ಲಿ ನಿಲ್ಲಿಸಲಾರದೆ ತನ್ನ ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿದಳು. ಲಟ್ಟಣಿಗೆಗೆ ಮುಂದಿನ ಸೀಟು ಸಿಕ್ಕಿತು. ಎದುರುಮನೆಗೆ ಹೊಸದಾಗಿ ಬಂದಿದ್ದ ಮುದುಕಿ ಕಿಟಕಿಯಿಂದ ಚಹಾ ಕುಡಿಯುತ್ತಾ ನೋಡುತ್ತಿದ್ದಳು.

ಕೂತಲ್ಲೇ ಡಾಕ್ಟರು ಪೂರ್ತಿ ಕತೆ ಬಿಚ್ಚಿದರು: ಕೆಂಪು ದೀಪ, ಡಬ್ಬಿ, ತಮ್ಮ, ಅಂಗಡಿ, ಕೊಡೆ, ಸೋಮವಾರ. ಪೊಲೀಸಿನವಳು ಕೆಳತುಟಿ ಕಚ್ಚಿ ಕಿಟಕಿಯಾಚೆ ನೋಡುತ್ತಾ ಕೇಳಿಸಿಕೊಂಡಳು. ಆಕೆಯ ಭುಜ ಮಾತ್ರ ಕುಲುಕುತ್ತಿತ್ತು.

"ನೀವು ಮೈಮೇಲೆ ಬಿದ್ದಾಗ ಅವರು ಏನ್ ಮಾಡಿದ್ರು ಸರ್?"

"ಏನೂ ಮಾಡ್ಲಿಲ್ಲ! ಬಾಗಿಲು ಲಾಕ್ ಮಾಡ್ಕೊಂಡು ಹೊರಟುಹೋದ್ಲು."

"ಚೀಲ?"

"ಈಗ ಹಿಂದಿನ ಸೀಟಲ್ಲಿ ಇಡ್ತಾಳೆ."

"ನಾವು ಜನಕ್ಕೆ ಹೇಳೋದೂ ಅದನ್ನೇ," ಎಂದಳು ಆಕೆ. "ನೂರು ಜನಕ್ಕೆ ಹೇಳಿದ್ರೆ ಒಬ್ಬರು ಮಾಡ್ತಾರೆ. ಅವರಿಗೆ ಯಾರು ಕಲಿಸಿದ್ದು?"

ಚಿದಾನಂದ ಬಾಯಿ ತೆರೆದರು. ತಾವು ಕಲಿಸಿದ್ದು ರೌಂಡಬೌಟು ಮಾತ್ರ ಎಂದು ಹೊಳೆದು ಮುಚ್ಚಿಕೊಂಡರು.

ಡಾಕ್ಟರು ಮಂಕಿ ಕ್ಯಾಪ್ ತೆಗೆದು ಮಡಿಲಲ್ಲಿಟ್ಟುಕೊಂಡರು. ಉಳಿದ ನಾಲ್ಕು ಕೂದಲು ಎದ್ದು ನಿಂತಿದ್ದವು. ಅಷ್ಟರಲ್ಲಿ ಅವರ ಫೋನ್ ಹಾಡಿತು. ಆಪಾ ಮೊದಲನೆಯ ಅಜ್ಜನ ಮನೆ ಮುಂದೆ ಕಾರು ನಿಲ್ಲಿಸಿ ಮಾಡಿದ್ದರು.

"ಏನ್ ಜೀ, ಹದಿನಾಲ್ಕು ಮಿಸ್ಡ್ ಕಾಲ್?"

"ಪೊಲೀಸ್ ಕಾರಲ್ಲಿದೀವಿ," ಎಂದರು ಡಾಕ್ಟರು.

"ಇಬ್ಬರೂನಾ?"

"ಇಬ್ಬರೂ. ಖೈರೂ, ಕೇಳು. ನಾಳೆ ಮ್ಯಾನೇಜರ್ ಹತ್ರ ಏನೂ ಹೇಳ್ಬೇಡ. ಸಂಜೆ ರೋಟಾ ಇರ್ಲಿ. ಹಾಗೇ ಇರ್ಲಿ."

ಚಿದಾನಂದರಿಗೆ ಪೊಲೀಸ್ ಕಾರಿನಲ್ಲಿ ಕೂತಿರುವುದೇ ಮರೆತು ನಗು ಬಂತು. ಪೊಲೀಸಿನವಳು ಕೈ ಚಾಚಿ ಫೋನ್ ತೆಗೆದುಕೊಂಡು, ಸ್ಪೀಕರಿಗೆ ಹಾಕಿ, ತನ್ನ ಹೆಸರು ಹೇಳಿದಳು. ಇಬ್ಬರನ್ನೂ ಬಿಡುವ ಮುಂಚೆ ನಿಯಮದ ಪ್ರಕಾರ ಒಂದು ಮಾತು ಕೇಳಲೇಬೇಕು ಎಂದಳು.

"ಮೇಡಂ, ಯಾರ ಒತ್ತಡಾನೂ ಇಲ್ಲದೆ ಹೇಳಿ. ಈ ಕ್ಷಣ ನೀವು ಸುರಕ್ಷಿತವಾಗಿದೀರಾ?"

"ನಾನು ಕಾರಲ್ಲಿದೀನಿ, ಅವರಿಬ್ಬರೂ ನಿಮ್ಮ ಹತ್ರ ಇದ್ದಾರೆ," ಎಂದರು ಆಪಾ. "ಇದಕ್ಕಿಂತ ಸುರಕ್ಷಿತ ಇನ್ನೇನಿದೆ?"